ಅಕ್ಕ ಕಾಡಿಗೆ ಹೋದದ್ದು

ತಮ್ಮನ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದ ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, "ಉದ್ಘಾಟನೆಗೆ ನಾನೂ ಬರ್ತೀನಿ" ಎಂದಳು.

ತಮ್ಮ ಅರಣ್ಯಾಧಿಕಾರಿ. ಊರಂಚಿನ ಕಾಡನ್ನು ಕೊಡಲಿಯಿಂದ ಉಳಿಸಿ, ಜನ ಬಂದು ಅಡ್ಡಾಡಲೆಂದು ತೆರೆಯಲು ಹೊರಟಿದ್ದ. ಅಕ್ಕ ಬಟ್ಟೆ ಹೊಲಿಯುವವಳು; ಅಪಘಾತವಾದಾಗಿನಿಂದ ಗಾಲಿಕುರ್ಚಿಯಲ್ಲೇ ಇದ್ದಳು.

"ಬಾರಕ್ಕ, ಅದಕ್ಕೇನಂತೆ! ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ."

"ನಾಲ್ಕು ಜನ ಹೊತ್ಕೊಂಡು ಹೋಗೋಕೆ ನಾನಿನ್ನೂ ಸತ್ತಿಲ್ಲ ಕಣೋ."

ಅವನು ನಕ್ಕ. ಅವಳು ನಗುತ್ತಿಲ್ಲವೆಂದು ತಿಳಿದು ನಗು ನಿಲ್ಲಿಸಿದ.

"ಮತ್ತೇನು ಮಾಡಲಿ ಹೇಳು? ಸಿಮೆಂಟು ಸುರಿದರೆ ಮರಗಳ ಬೇರು ಉಸಿರುಗಟ್ಟಿ ಸಾಯತ್ತೆ. ಕಾಡು ಅಂದಮೇಲೆ ಕಲ್ಲು, ಬೇರು ಇದ್ದೇ ಇರತ್ತೆ."

"ಸಿಮೆಂಟು ಯಾರು ಕೇಳಿದ್ರು? 'ಎಲ್ಲರ ಕಾಡು' ಅಂತ ಬೋರ್ಡು ಬರೆಸಿದ್ದು ನೀನೇ. ಆ ಎಲ್ಲರಲ್ಲಿ ನಾನು ಇದ್ದೀನೋ ಇಲ್ವೋ, ಅಷ್ಟು ಹೇಳು ಸಾಕು."

ಮರುದಿನ ಬೆಳಿಗ್ಗೆ ಅವಳನ್ನು ಕಾಡಿಗೆ ಕರೆದೊಯ್ದ. ಕುರ್ಚಿ ಮುಟ್ಟಕೂಡದೆಂದು ಅಕ್ಕನ ಕಟ್ಟಪ್ಪಣೆ. ಮೊದಲ ತಿರುವಿನಲ್ಲೇ ದಪ್ಪ ಬೇರೊಂದು ಗಾಲಿಗೆ ಅಡ್ಡವಾಯಿತು. ಅವಳು ಹಿಂದೆ ಸರಿದಳು, ಮತ್ತೆ ನುಗ್ಗಿದಳು. ಅಂಗೈ ಕೆಂಪಾಯಿತು. ಅವನು ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಂತಿದ್ದ.

"ಮುಂದೆ ಏನಿದೆಯೋ?" ಎಂದಳು ಏದುಸಿರು ಬಿಡುತ್ತ.

"ಹೊಳೆ."

"ಹೌದು, ಸದ್ದು ಕೇಳಿಸ್ತಿದೆ" ಎಂದು ಅವಳೇ ಕುರ್ಚಿ ತಿರುಗಿಸಿದಳು.

ಅಂದೇ ಅವನು ಉದ್ಘಾಟನೆಯನ್ನು ಮುಂದಕ್ಕೆ ಹಾಕಿದ. ಮೇಲಧಿಕಾರಿ ಫೋನಿನಲ್ಲಿ ರೇಗಿದರು: "ಯಾರೋ ಒಬ್ಬರಿಗೋಸ್ಕರ ಇಷ್ಟೆಲ್ಲಾ ಬೇಕೇನ್ರೀ?"

"ಒಬ್ಬರಲ್ಲ ಸಾರ್. ನಮ್ಮ ಕೈಲಾಗಲ್ಲ ಅಂತ ಮನೇಲೇ ಕೂತವರು ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ."

ಆ ಕಡೆಯಿಂದ "ಬೇಗ ಮುಗಿಸಿ" ಎಂಬ ಗೊಣಗಾಟ.

ಬೇರುಗಳಿಗೆ ತಾಗದಂತೆ ಅವುಗಳ ಮೇಲೆ ಹಲಗೆ ಹಾಸಿದರು. ಉಳಿದ ಕಡೆ ಮಣ್ಣನ್ನೇ ದಮ್ಮಸು ಮಾಡಿ ಗಟ್ಟಿಗೊಳಿಸಿದರು. ಒಂದು ಮರವೂ ಬೀಳಲಿಲ್ಲ.

ಬಾಗಿಲು ತೆರೆದ ದಿನ ಊರುಗೋಲಿನವರು ಬಂದರು, ಹಸುಗೂಸಿನ ತಳ್ಳುಗಾಡಿಗಳು ಬಂದವು. ಅಕ್ಕ ಯಾರಿಗೂ ಕಾಯದೆ ಒಬ್ಬಳೇ ಒಳಗೆ ಹೋದಳು.

ಬಹಳ ಹೊತ್ತಾದರೂ ಬರಲಿಲ್ಲ. ಹುಡುಕಲು ಹೊರಟ ತಮ್ಮ ಒಂದಷ್ಟು ದೂರ ಹೋಗಿ, ತನ್ನನ್ನು ತಾನೇ ಬೈದುಕೊಂಡು ಹಿಂದಿರುಗಿದ. ಬಿಸಿಲು ಇಳಿಯುವ ಹೊತ್ತಿಗೆ ಗಾಲಿಗಳ ಸದ್ದು ಕೇಳಿಸಿತು. ಅಕ್ಕನ ಸೆರಗಿಗೆಲ್ಲ ಕೆಸರು, ತಲೆಯಲ್ಲಿ ಒಣಗಿದ ಎಲೆ.

"ಎಲ್ಲಿ ಹೋಗಿದ್ಯೇ? ಜೀವ ಬಾಯಿಗೆ ಬಂದಿತ್ತು ನಂಗೆ!"

"ದಾರಿ ತಪ್ಪಿಬಿಟ್ಟೆ ಕಣೋ!" ಎಂದಳು ಅಕ್ಕ, ಮುಖದ ತುಂಬ ನಗುತ್ತ. "ಎಷ್ಟು ವರ್ಷ ಆಗಿತ್ತು!"