ಎಂಟನೆಯ ಚಿತ್ರದ ಚಿಮಣಿ

ಐದು ವರ್ಷಕ್ಕೊಮ್ಮೆ ನಮ್ಮ ಬಂದರು ಕಚೇರಿಯವರು ನನ್ನನ್ನು ದೋಣಿಯಲ್ಲಿ ಕೂರಿಸಿ ಸಮುದ್ರಕ್ಕೆ ಕಳಿಸುತ್ತಾರೆ. ದಂಡೆಯಿಂದ ಎರಡು ಮೈಲಿ ಆಚೆ ದೋಣಿ ನಿಲ್ಲಿಸಿ, ಅಲ್ಲಿಂದ ಊರು ಹೇಗೆ ಕಾಣುತ್ತದೋ ಹಾಗೆ, ಈ ತುದಿಯಿಂದ ಆ ತುದಿಯವರೆಗೆ, ಉದ್ದನೆಯ ಹಾಳೆಯ ಮೇಲೆ ಬರೆಯಬೇಕು. ಅದನ್ನು ಅಚ್ಚು ಹಾಕಿಸಿ ಹಡಗುಗಳಿಗೆ ಹಂಚುತ್ತಾರೆ. ಹೊರಗಿನಿಂದ ಬರುವ ಹಡಗಿನವರು ಹಾಳೆಯನ್ನೊಮ್ಮೆ ದಂಡೆಯನ್ನೊಮ್ಮೆ ನೋಡುತ್ತ ಒಳಗೆ ಬರುತ್ತಾರೆ. ನಿಮ್ಮ ಕಚೇರಿಯಲ್ಲಿ ಕ್ಯಾಮೆರಾ ಇಲ್ಲವೇ ಎಂದು ಕೇಳುವ ಜಾಣರು ಬೇಕಾದಷ್ಟಿದ್ದಾರೆ. ಇದೆ. ಫೋಟೋದಲ್ಲಿ ಎಲ್ಲವೂ ಇರುತ್ತದೆ, ಬೇಕಾದದ್ದು ಮಾತ್ರ ಎದ್ದು ಕಾಣುವುದಿಲ್ಲ.

ಈ ಕೆಲಸವನ್ನು ನಾನು ಎಂಟು ಸಲ ಮಾಡಿದ್ದೇನೆ. ಮೊದಲ ಸಲ ಹೋದಾಗ ನನಗೆ ಇಪ್ಪತ್ತಮೂರು. ಆಗ ಊರೆಂದರೆ ಹೆಂಚಿನ ಮಾಡುಗಳ ಒಂದು ಸಾಲು. ಅದರ ಮೇಲೆ ತಲೆಯೆತ್ತಿ ನಿಂತದ್ದು ಮೂರೇ: ಗಡಿಯಾರದ ಗೋಪುರ, ಬಟ್ಟೆ ಗಿರಣಿಯ ಚಿಮಣಿ, ಹಿಂದಿನ ಗುಡ್ಡದ ನೆತ್ತಿಯಲ್ಲಿ ನೀರಿನ ಟ್ಯಾಂಕು. ಒಂದು ಗಂಟೆಯಲ್ಲಿ ಬರೆದು ಮುಗಿಸಿ, ಎರಡು ಸಲ ವಾಂತಿ ಮಾಡಿಕೊಂಡು ಬಂದೆ. ಮೂರನೆಯ ಚಿತ್ರದಲ್ಲಿ ಎಂಟು ಮಹಡಿಯ ಹೋಟೆಲು ಬಂತು. ಊರಿಗೆ ಊರೇ ಹೋಗಿ ಅದರ ಲಿಫ್ಟು ಹತ್ತಿಳಿದು ಬಂದಿತ್ತು. ಐದನೆಯದರಲ್ಲಿ ಅದೇ ಹೋಟೆಲನ್ನು ದುರ್ಬೀನು ಹಿಡಿದು ಹುಡುಕಬೇಕಾಯಿತು. ಆರನೆಯದರಲ್ಲಿ ಗಡಿಯಾರದ ಗೋಪುರ ಎರಡು ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಏಳನೆಯದರಲ್ಲಿ ಪತ್ತೆಯೇ ಇಲ್ಲ. ಗುಡ್ಡದ ಬಲಭಾಗ ಪೂರ್ತಿ ಮುಚ್ಚಿಹೋಯಿತು. ಟ್ಯಾಂಕು ಮತ್ತು ಚಿಮಣಿ ಮಾತ್ರ ಹೇಗೋ ಉಳಿದುಕೊಂಡವು.

ಅವೆರಡು ಉಳಿದದ್ದು ಒಳ್ಳೆಯದೇ ಆಯಿತು. ಬಂದರಿನ ಬಾಯಲ್ಲಿ ನೀರಿನಡಿ ಒಂದು ಬಂಡೆಯಿದೆ. ಚಿಮಣಿಯೂ ಅದರ ಹಿಂದಿನ ಟ್ಯಾಂಕೂ ಒಂದೇ ಗೆರೆಗೆ ಬರುವಂತೆ ಹಡಗು ನಡೆಸಿದರೆ ಬಂಡೆ ಎಡಕ್ಕೆ ಉಳಿಯುತ್ತದೆ. ಈಗ ದಾರಿ ತೋರಿಸುವ ಯಂತ್ರಗಳು ಬಂದಿವೆ, ನಿಜ. ಆದರೂ ಆ ಇಕ್ಕಟ್ಟಿನಲ್ಲಿ ಯಾವ ಹಡಗಿನವನೂ ಬರೀ ಯಂತ್ರ ನಂಬಿ ಕೂರುವುದಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯ ನಕ್ಷೆಗಾರರದು ಒಂದೇ ಕಟ್ಟಪ್ಪಣೆ: ಕಂಡದ್ದನ್ನು ಬರೆ, ಗೊತ್ತಿರುವುದನ್ನು ಬರೆಯಬೇಡ. ಕಾಣದಿದ್ದರೆ ಹಾಳೆ ಖಾಲಿ ಬಿಟ್ಟು ವಾಪಸು ಬಾ, ಇನ್ನೊಂದು ದಿನ ಹೋಗು. ಏಳು ಚಿತ್ರಗಳಲ್ಲಿ ನಾನು ಈ ಮಾತನ್ನು ಮೀರಲಿಲ್ಲ.

ಎಂಟನೆಯದರ ದಿನ ಮಂಜಿತ್ತು. ಬಲಗಡೆಯ ದೊಡ್ಡ ಕಟ್ಟಡಗಳು ದಪ್ಪಗೆ ಕಂಡವು, ಎಡಗಡೆ ಎಲ್ಲ ಮಬ್ಬು. ದುರ್ಬೀನಿನಲ್ಲೂ ಮಬ್ಬೇ. ದೋಣಿಯವನು ಮುಖದ ಮೇಲೆ ಟವೆಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಚಿಮಣಿಯನ್ನು ಏಳು ಸಲ ಬರೆದವಳು ನಾನು, ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಬರೆದೆ. ನಿವೃತ್ತಿಗೆ ಹತ್ತು ತಿಂಗಳಿತ್ತು, ಇನ್ನೊಂದು ಸಲ ಆ ದೋಣಿ ಹತ್ತಲು ಮನಸ್ಸಿರಲಿಲ್ಲ.

ಎರಡು ತಿಂಗಳ ನಂತರ ಒಂದು ಸರಕು ಹಡಗು ಆ ಬಂಡೆಗೆ ಹೊಡೆಯಿತು. ತಳ ಸೀಳಿತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಡಗು ನಡೆಸುತ್ತಿದ್ದವನು ನನ್ನ ತಮ್ಮ.

ಅವನು ನಾಲ್ಕು ತಿಂಗಳು ಬೇರೆ ಬಂದರುಗಳನ್ನು ಸುತ್ತಿ, ದಾರಿಯ ಬಂದರಿನಲ್ಲಿ ಕೈಸೇರಿದ ನನ್ನ ಹೊಸ ಹಾಳೆಯನ್ನು ಮುಂದಿಟ್ಟುಕೊಂಡು ಬಂದಿದ್ದ. ಹಾಳೆಯಲ್ಲಿ ಚಿಮಣಿಯಿತ್ತು, ಊರಲ್ಲಿ ಇರಲಿಲ್ಲ. ಗಿರಣಿಯನ್ನು ಕೆಡವಿ, ಅದೇ ಜಾಗದ ಇನ್ನೊಂದು ಮೂಲೆಯಲ್ಲಿ ಹೊಸ ಕಟ್ಟಡ ಎಬ್ಬಿಸುತ್ತಿದ್ದರು. ಲಿಫ್ಟಿಗೆಂದು ಕಟ್ಟಿದ ಕಾಂಕ್ರೀಟ್ ಗೂಡು ಗೋಡೆಗಳಿಲ್ಲದೆ ಒಂಟಿಯಾಗಿ ಮೇಲೆದ್ದಿತ್ತು. ಅವನು ಅದನ್ನೇ ಚಿಮಣಿಯೆಂದುಕೊಂಡು ಗೆರೆ ಹಿಡಿದ. ಕಚೇರಿ ವಿಚಾರಣೆ ಹೂಡಿತು. ಚಿತ್ರ ಬರೆದ ಮೇಲೆ ಯಾರೋ ಚಿಮಣಿ ಕೆಡವಿದರೆ ಕಚೇರಿ ಏನು ಮಾಡೀತು, ಕಣ್ಣು ಬಿಟ್ಟು ನೋಡುವುದು ಹಡಗಿನವನ ಕೆಲಸ ಎಂಬುದು ಅವರ ವಾದ. ತಪ್ಪು ಅವನದೆಂದಾದರೆ ಲೈಸೆನ್ಸು ಹೋಗುತ್ತದೆ. ಸಮುದ್ರ ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದಿಲ್ಲ. ನಾವೆಲ್ಲ ಒಟ್ಟಿಗಿರುವ ಮನೆಯಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಅವನ ಹೆಂಡತಿಯೇ ಹೊಡೆಯಬೇಕು.

ವಿಚಿತ್ರವೆಂದರೆ ಅವನು ಜಗಳಕ್ಕೇ ನಿಲ್ಲಲಿಲ್ಲ.

"ತಪ್ಪು ನಂದೇ ಅಕ್ಕ" ಎಂದ. "ನಿನ್ನ ಹಾಳೆ ಇತ್ತಲ್ಲ ಕೈಯಲ್ಲಿ. ಅದ್ರಲ್ಲಿ ಚಿಮಣಿ ದುಂಡಗಿದೆ, ನಾನು ನೋಡಿದ್ದು ಚೌಕ ಇತ್ತು. ಚೌಕ ಯಾವುದು ದುಂಡು ಯಾವುದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಕಣ್ಣು ಹೋಯ್ತು ಅಂತಲೇ ಅರ್ಥ."

"ಡಾಕ್ಟರ್ ಏನಂದ್ರು?"

"ಚೆನ್ನಾಗಿದೆ ಅಂದ್ರು. ಅವ್ರಿಗೇನು ಗೊತ್ತು? ಗೋಡೆ ಮೇಲಿನ ಅಕ್ಷರ ಓದಿಸಿ ಕಳಿಸ್ತಾರೆ."

ನನಗೆ ಒಂದು ಅನುಮಾನ ಕೊರೆಯುತ್ತಿತ್ತು. ಅಪಘಾತದ ಎರಡನೆಯ ದಿನವೇ ಗಿರಣಿ ಬೀದಿಗೆ ಹೋಗಿದ್ದೆ. ಆ ಕಡೆ ಕಾಲಿಡದೆ ಎಷ್ಟೋ ವರ್ಷವಾಗಿತ್ತು. ಊರೊಳಗೆ ಎಲ್ಲಿ ನಿಂತರೂ ಚಿಮಣಿ ಕಾಣುವುದು ನಿಂತು ಹತ್ತು ವರ್ಷ, ಕಟ್ಟಡಗಳು ಅಷ್ಟು ಒತ್ತಾಗಿದ್ದವು. ಅದು ಸಮುದ್ರದ ಮೇಲಿದ್ದವರಿಗೆ ಮಾತ್ರ ಕಾಣುತ್ತಿತ್ತು. ಬೀದಿಯಲ್ಲಿ ಹಿಂದೆ ಹಗ್ಗದಂಗಡಿಗಳಿದ್ದವು. ಈಗ ಗಾಜಿನ ಬಾಗಿಲುಗಳು, ಒಳಗೆ ತಣ್ಣನೆ ಗಾಳಿ, ಹೊರಗೆ ಕಾವಲುಗಾರ. ಹಳಬನೆಂದು ಉಳಿದಿದ್ದವನು ಬೀಗ ರಿಪೇರಿಯವನೊಬ್ಬನೇ.

"ಚಿಮಣಿ ಯಾವಾಗ ಬಿತ್ತಪ್ಪಾ?"

"ನನ್ನ ಮೊಮ್ಮಗಳು ಹುಟ್ಟಿದ ದಿನ ಅಮ್ಮಾ. ಆಸ್ಪತ್ರೆಯಿಂದ ಫೋನು ಬಂದಾಗ ಈ ಧೂಳಲ್ಲಿ ಏನೂ ಕೇಳಿಸ್ಲಿಲ್ಲ" ಎಂದು ನಕ್ಕು, ತಾರೀಖನ್ನೂ ಹೇಳಿದ.

ನಾನು ಚಿತ್ರ ಬರೆದದ್ದು ಅದಾಗಿ ಹನ್ನೊಂದು ದಿನಕ್ಕೆ.

ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡೆ. ಇಪ್ಪತ್ತಾರು ದಿನ. ಅದಕ್ಕೆ ಕಾರಣ ಹೇಳಬೇಕೆಂದರೆ ಹೇಳಬಹುದು. ಕಚೇರಿಯ ಹಜಾರದಲ್ಲಿ ನನ್ನ ಎಂಟೂ ಚಿತ್ರಗಳನ್ನು ಸಾಲಾಗಿ ತೂಗುಹಾಕುವುದೆಂದು ತೀರ್ಮಾನವಾಗಿತ್ತು, ಚೌಕಟ್ಟಿನ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು. ಮೂವತ್ತಾರು ವರ್ಷದಲ್ಲಿ ಒಂದು ಗೆರೆ ತಪ್ಪಿಲ್ಲ ಎಂದು ನಾನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಡಾಕ್ಟರೇ ಅವನ ಕಣ್ಣು ಸರಿಯಿದೆ ಎಂದಿದ್ದಾರೆ, ವಿಚಾರಣೆಯವರು ಬಿಟ್ಟುಬಿಡುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ಅವನು ಮಾತ್ರ ಗೋಡೆಯ ಕ್ಯಾಲೆಂಡರನ್ನು ಅಡುಗೆಮನೆಯಿಂದ ಓದುವುದು, ಬಾಗಿಲಿನಿಂದ ಓದುವುದು, ಕೊನೆಗೆ ರಸ್ತೆಗಿಳಿದು ಕಿಟಕಿಯಿಂದ ಓದುವುದು, ಇದೇ ಕೆಲಸ ಹಿಡಿದಿದ್ದ. ಅದನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಸುಮ್ಮನಿದ್ದೆ, ಅದೂ ನಿಜ.

ಇಪ್ಪತ್ತಾರನೆಯ ದಿನ ಬೆಳಗ್ಗೆ ಅವನು ಒಂದು ಬಿಳಿ ಹಾಳೆ ಹಿಡಿದು ಬಂದ.

"ನಿನ್ನ ಅಕ್ಷರ ಮುತ್ತಿನಂಗಿದೆ, ಬರ್ದು ಕೊಡು. ಅವ್ರು ಕಿತ್ಕೊಳ್ಳೋಕೆ ಮುಂಚೆ ನಾನೇ ಲೈಸೆನ್ಸು ವಾಪಸ್ ಕೊಡ್ತೀನಿ. ದೃಷ್ಟಿದೋಷದ ಕಾರಣದಿಂದ, ಅಂತ ಹಾಕು. ಇನ್ನೊಬ್ರ ಜೀವ ತೆಗೆಯೋದು ಬೇಡ."

ಪೆನ್ನು ತೆಗೆದುಕೊಂಡೆ. ತಾರೀಖು ಬರೆದೆ. 'ದೃಷ್ಟಿ' ಎನ್ನುವವರೆಗೂ ಬಂದೆ. ಮುಂದೆ ಕೈ ಹೋಗಲಿಲ್ಲ.

"ಮಧ್ಯಾಹ್ನ ವಿಚಾರಣೆಗೆ ನಾನೂ ಬರ್ತೀನಿ" ಎಂದೆ.

ವಿಚಾರಣೆಯ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಅದರ ಹಿಂದೆ ಅಧಿಕಾರಿ, ಮೇಜಿನ ಮೇಲೆ ನನ್ನ ಎಂಟನೆಯ ಚಿತ್ರ. ನಾನು ನಿಂತುಕೊಂಡೇ ಹೇಳಿದೆ: ಚಿಮಣಿ ಆಗಲೇ ಬಿದ್ದಿತ್ತು, ನಾನು ನೋಡದೆ ಬರೆದೆ, ಮಂಜಿತ್ತು. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

ಅಧಿಕಾರಿ ಹವಾಮಾನದ ರಿಜಿಸ್ಟರು ತರಿಸಿ ಪುಟ ತಿರುವಿದರು. "ಆ ದಿನ ಆಕಾಶ ಶುಭ್ರ, ದಂಡೆ ಸ್ಪಷ್ಟ ಅಂತ ಬರ್ದಿದೆಯಲ್ಲ ಮೇಡಂ?"

"ಬರೆದವರು ಒಳಗೆ ಕೂತು ಬರೆದಿರ್ತಾರೆ ಸಾರ್. ಸಮುದ್ರದ ಮೇಲಿದ್ದವಳು ನಾನು."

ಅವರು ಅದನ್ನು ಎಳೆದಾಡಲಿಲ್ಲ. ಹಾಳೆ ಹುಟ್ಟಿನಿಂದಲೇ ತಪ್ಪು, ಆದ್ದರಿಂದ ತಪ್ಪು ಕಚೇರಿಯದು, ಲೈಸೆನ್ಸು ಹಾಗೇ ಇರಲಿ ಎಂದು ಬರೆಸಿದರು. ನನ್ನ ವಿಷಯ ಮೇಲಿನವರಿಗೆ ಹೋಗುತ್ತದೆ ಎಂದರು. ಹೋಗಲಿ ಎಂದುಕೊಂಡೆ.

ಹೊರಗೆ ಬಂದಾಗ ಮೂರು ಗಂಟೆ. ತಮ್ಮ ಮೆಟ್ಟಿಲ ಮೇಲೆ ನಿಂತುಬಿಟ್ಟ.

"ಯಾವಾಗಿಂದ ಗೊತ್ತಿತ್ತು ನಿಂಗೆ?"

"ಎರಡನೇ ದಿನದಿಂದ."

ಬೈಯುತ್ತಾನೆಂದುಕೊಂಡೆ. ಅವನು, "ಹಾಗಾದ್ರೆ ನನ್ನ ಕಣ್ಣು ಚೆನ್ನಾಗೇ ಇದೆ" ಎಂದ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ರಸ್ತೆಯಾಚೆಯ ಬೋರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದ. ಬ್ಯಾಂಕು, ಔಷಧಿ ಅಂಗಡಿ, ಬಾಡಿಗೆಗಿದೆ. ದೂರದ ಬಸ್ಸಿನ ನಂಬರು. ಓದುತ್ತ ಓದುತ್ತ ಅಳುತ್ತಿದ್ದ.

"ಅಕ್ಕ, ಆ ಎತ್ತರದ ಕಟ್ಟಡದಲ್ಲಿ, ಹದಿನಾಲ್ಕನೇ ಮಹಡಿ. ಹೆಂಗಸೊಬ್ಳು ಬಟ್ಟೆ ಒಣಗಿಸ್ತಿದ್ದಾಳೆ. ಹಸಿರು ಟವೆಲು. ಸರಿ ತಾನೆ? ನೋಡಿ ಹೇಳು."

ನೋಡಿದೆ.

"ಈ ಮಂಜಲ್ಲಿ ಅದೆಲ್ಲ ಹೇಗೆ ಕಾಣುತ್ತೋ ನಿಂಗೆ?"

"ಯಾವ ಮಂಜು?"

ಅವನು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. "ಅಕ್ಕ, ಬಿಸಿಲು ಸುಡ್ತಾ ಇದೆ. ಎಲ್ಲಿದೆ ಮಂಜು?"

ಧೂಳಿರಬೇಕು, ಎಲ್ಲ ಕಡೆ ಕಟ್ಟಡ ಏಳುತ್ತಿವೆಯಲ್ಲ, ಒಂದೆರಡು ವರ್ಷದಿಂದ ಊರೇ ಹೀಗೆ ಎಂದು ಹೇಳಲು ಹೊರಟೆ. ಮಾತು ಅರ್ಧಕ್ಕೆ ನಿಂತಿತು. ನನಗೆ ಭಯವಾಯಿತು.

ತಮ್ಮ ನನ್ನ ಕನ್ನಡಕವನ್ನು ಮೆಲ್ಲಗೆ ತೆಗೆದು, ಅಂಗಿಯ ತುದಿಯಿಂದ ಎರಡೂ ಕಡೆ ಒರೆಸಿ, ಮತ್ತೆ ನನ್ನ ಮೂಗಿನ ಮೇಲೆ ಕೂರಿಸಿದ.

"ಈಗ?"

"ಹಾಗೇ ಇದೆ" ಎಂದೆ.