ರಫೂ ಅಂಗಡಿಯ ನಂಬರು

ಎದುರುಗಡೆ ಉಪ್ಪುಕಾಗದ ಉಜ್ಜುವ ಸದ್ದು ಶುರುವಾದದ್ದೇ ತಡ, ದಾರದಂಗಡಿಯಲ್ಲಿ ಕೂತಿದ್ದ ದಾರದಕ್ಕನಿಗೆ ಗುಂಡಿಗಳ ಎಣಿಕೆ ತಪ್ಪಿತು. ಮೂವತ್ತೆಂಟೋ ನಲವತ್ತೆಂಟೋ ಎಂದು ಯೋಚಿಸಲೂ ಹೋಗದೆ ಅವಳು ಕೌಂಟರಿನ ಹಲಗೆ ಎತ್ತಿ, ಚಪ್ಪಲಿಯನ್ನೂ ಮೆಟ್ಟದೆ, ಬೀದಿ ದಾಟಿಯಾಗಿತ್ತು.

"ನಿಲ್ಸಿ, ನಿಲ್ಸಿ! ಇದನ್ನ ಉಜ್ಜೋಕೆ ನಿಮಗೆ ಯಾರು ಹೇಳಿದ್ರು?"

ಪೇಂಟರು ಮೂಗಿಗೆ ಕಟ್ಟಿಕೊಂಡಿದ್ದ ಕರವಸ್ತ್ರ ಕೆಳಗೆಳೆದ. ಐವತ್ತು ದಾಟಿದ ಮನುಷ್ಯ. ಒಂದು ಕಾಲದಲ್ಲಿ ಈ ಬೀದಿಯ ಅರ್ಧಕ್ಕರ್ಧ ಬೋರ್ಡು ಅವನ ಕೈಯಲ್ಲೇ ಬರೆಸಿಕೊಂಡದ್ದು; ಆಮೇಲೆ ಮಿಷನ್ನಿನಲ್ಲಿ ಅಚ್ಚಾಗುವ ಬ್ಯಾನರುಗಳು ಬಂದು ಅವನ ಕುಂಚ ಒಣಗಿತ್ತು. ಈಗ ಅಂಗಡಿಗಳು ಮುಚ್ಚಿದ ಮೇಲೆ ಅವನಿಗೆ ಮತ್ತೆ ಕೆಲಸ ಸಿಕ್ಕಿದೆ.

"ನಗರಸಭೆ ಹೇಳ್ತು ಅಕ್ಕಾ. ನಗರಸಭೆಗೆ ಯಾರು ಹೇಳಿದ್ರೋ ನಂಗೊತ್ತಿಲ್ಲ. ತುಕ್ಕು ತೆಗೀದೆ ಬಣ್ಣ ಹಿಡಿಯಲ್ಲ. ತುಕ್ಕಿನ ಮೇಲೆ ರಾಜನ ಚಿತ್ರ ಬರೆದ್ರೂ ಆರು ತಿಂಗಳಿಗೆ ಭಿಕಾರಿ ಆಗ್ತಾನೆ."

"ಆ ಮೂಲೆ ಮಾತ್ರ ಮುಟ್ಬೇಡಿ."

ಅವಳು ತೋರಿಸಿದ್ದು ಮುಚ್ಚಿದ ಅಂಗಡಿಯ ಶಟರಿನ ಎಡಗಡೆಯ ಕೆಳಮೂಲೆ. ಅಲ್ಲಿ ಕೆಂಪು ಬಣ್ಣದಲ್ಲಿ ಎರಡು ಸಾಲು ಬರೆದಿತ್ತು: 'ಬಟ್ಟೆ ಕೊಟ್ಟವರು ಈ ನಂಬರಿಗೆ ಮಾತಾಡಿ.' ಅದರಡಿ ನಂಬರು. ಪೇಂಟರು ಬಗ್ಗಿ, ವೃತ್ತಿಯವನ ಕಣ್ಣಿನಿಂದ ಅಕ್ಷರಗಳನ್ನು ನೋಡಿದ.

"ಇದ್ಯಾರು ಬರೆದಿದ್ದು? ಕುಂಚದಲ್ಲಿ ಬರೆದ ಹಾಗಿಲ್ಲ, ಸೂಜೀಲಿ ಹೊಲಿದ ಹಾಗಿದೆ."

"ಅವರ ಕೈಯೇ ಹಾಗೆ," ಎಂದಳು ದಾರದಕ್ಕ. ಅಂದಮೇಲೆ, ಅಷ್ಟು ಮೃದುವಾಗಿ ಅನ್ನಬಾರದಿತ್ತು ಅನ್ನಿಸಿತು.

ಇಪ್ಪತ್ತಮೂರು ಅಂಗಡಿಗಳ ಆ ಬೀದಿಯಲ್ಲಿ ಹನ್ನೊಂದು ಬಾಗಿಲು ಹಾಕಿದ್ದವು. ಬೀದಿ ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ, ಹೊರಗಿನಿಂದ ಬಂದವರು ಮುಂದೆ ಕಾಲಿಡುವುದಿಲ್ಲ ಎಂದು ನಗರಸಭೆಯವರಿಗೆ ಹೊಳೆದು, 'ಬೀದಿಗೆ ನಗುಮುಖ' ಎಂಬ ಯೋಜನೆ ಬಂತು. ಮುಚ್ಚಿದ ಪ್ರತಿ ಅಂಗಡಿಯ ಮೇಲೂ ಚಿತ್ರ ಬರೆಸುವುದು. ಹಾಳುಬಿದ್ದ ಬೇಕರಿಯ ಶಟರಿನ ಮೇಲೆ ಈಗಾಗಲೇ ಒಂದು ಕಿಟಕಿ, ಕಿಟಕಿಯಲ್ಲಿ ಬೆಕ್ಕು. ಔಷಧಿ ಅಂಗಡಿಯ ಮೇಲೆ ಹೂಕುಂಡಗಳು. ಪಾತ್ರೆ ಅಂಗಡಿಯ ಮೇಲೆ ಪೇಂಟರು ಎಷ್ಟು ಚೆಂದದ ಹಸಿರು ಬಾಗಿಲು ಬರೆದಿದ್ದನೆಂದರೆ, ಒಬ್ಬ ಮುದುಕ ಅದನ್ನು ಕಾಲು ಗಂಟೆ ತಟ್ಟಿ, ಒಳಗಿನವರಿಗೆ ಸೊಕ್ಕು ಎಂದು ಬೈದು ಹೋಗಿದ್ದ. ಪಕ್ಕದ ಸೈಕಲ್ ರಿಪೇರಿಯವನು ಮಾತ್ರ ಎಲ್ಲದಕ್ಕೂ ಒಂದೇ ಮಾತು ಹೇಳುತ್ತಿದ್ದ: "ಹೆಣಕ್ಕೆ ಸಿಂಗಾರ."

ಹತ್ತೂವರೆಗೆ ಯೋಜನೆಯ ಮೇಡಂ ಬಂದರು. ಕೈಯಲ್ಲಿ ಪಟ್ಟಿ, ತಲೆಯ ಮೇಲೆ ಏರಿಸಿಟ್ಟ ಬಿಸಿಲುಕನ್ನಡಕ. ಪಟ್ಟಿ ನೋಡಿ, "ಏಳನೇ ನಂಬರ್, ಟೈಲರ್ ಅಂಗಡಿ. ಹೊಲಿಗೆ ಮಿಷನ್, ಕತ್ತರಿ ಬರೀರಿ," ಎಂದರು.

"ಟೈಲರ್ ಅಲ್ಲ ಇದು," ಎಂದಳು ದಾರದಕ್ಕ. ಅವಳು ಇನ್ನೂ ಬರಿಗಾಲಲ್ಲೇ ಅಲ್ಲಿ ನಿಂತಿದ್ದಳು. "ರಫೂ ಅಂಗಡಿ. ಹರಿದ ಬಟ್ಟೆಗೆ ಎಳೆ ಎಳೆ ಸೇರಿಸಿ ನೇಯ್ದು ಕೊಡೋದು. ಇಲ್ಲಿ ಮಿಷನ್ನೇ ಇರ್ಲಿಲ್ಲ. ಒಂದು ಸೂಜಿ, ಬಟ್ಟೆ ಬಿಗಿಯಾಗಿ ಹಿಡಿಯೋಕೆ ಒಂದು ಮರದ ಗುಂಡು, ಅಷ್ಟೆ."

"ಎರಡೂ ಒಂದೇ ಅಲ್ವಾ?"

"ಹೆಂಗಾಗುತ್ತೆ? ಟೈಲರ್ ಹೊಲಿದದ್ದು ಕಾಣುತ್ತೆ. ರಫೂ ಮಾಡಿದ್ದು ಕಂಡ್ರೆ ಅದು ರಫೂನೇ ಅಲ್ಲ."

ಪೇಂಟರು ನಕ್ಕ. "ಹಾಗಾದ್ರೆ ನಾನು ಏನೂ ಬರೀದೆ ಮನೆಗೆ ಹೋದ್ರೆ ಅದೇ ಸರಿಯಾದ ಚಿತ್ರ ಮೇಡಂ."

"ಏನೂ ಕಾಣದಿದ್ರೆ ಫೋಟೋದಲ್ಲಿ ನಾನು ಏನ್ರೀ ತೋರಿಸ್ಲಿ?" ಮೇಡಂ ನೆತ್ತಿಯ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. "ಒಂದು ಕಿಟಕಿ ಬರೀರಿ, ಮುಗೀತು. ಬಾಗಿಲು ಮಾತ್ರ ಬೇಡ, ಜನ ಬಂದು ತಟ್ತಾರೆ. ಆ ಕೆಂಪು ಬರಹ ಅಳಿಸಿಬಿಡಿ. ಕಟ್ಟಡದ ಯಜಮಾನರು ಒಪ್ಪಿಗೆ ಕೊಟ್ಟಾಗಿದೆ. ಸಂಜೆ ಫೋಟೋ ತೆಗೀತೀನಿ."

ಅವರು ಎಂಟನೇ ನಂಬರಿನತ್ತ ಹೋದರು. ದಾರದಕ್ಕ ತನ್ನ ಅಂಗಡಿಗೆ ವಾಪಸಾಗಿ ಸ್ಟೂಲಿನ ಮೇಲೆ ಕುಳಿತಳು. ಗೋಡೆಯ ತುಂಬ ದಾರದ ಉಂಡೆಗಳು. ಬಿಳಿಯಲ್ಲೇ ಹದಿನಾಲ್ಕು ಬಗೆ. ಅಪ್ಪ ತೀರಿಕೊಂಡ ವರ್ಷ ಈ ಸ್ಟೂಲಿನ ಮೇಲೆ ಕೂತವಳು ಏಳುವಷ್ಟರಲ್ಲಿ ಮದುವೆಯ ವಯಸ್ಸು ಅವಳನ್ನು ದಾಟಿ ಹೋಗಿತ್ತು. ಅದಕ್ಕಾಗಿ ಅವಳು ಅತ್ತವಳಲ್ಲ. ಏಕೆಂದರೆ ಆ ಹೊತ್ತಿಗೆ ಎದುರಿನ ಅಂಗಡಿಗೆ ರಫೂ ಮೇಷ್ಟ್ರು ಬಂದಿದ್ದರು.

ಮೇಷ್ಟ್ರು ಹೆಂಡತಿಯನ್ನು ಕಳೆದುಕೊಂಡವರು, ಮಾತು ಕಮ್ಮಿ. ದಿನಾ ಬೆಳಿಗ್ಗೆ ಒಂದು ಕೋಟನ್ನೋ ಸೀರೆಯನ್ನೋ ಮಡಿಲಕೂಸಿನಂತೆ ತೋಳಲ್ಲಿ ಹಿಡಿದು ಬೀದಿ ದಾಟಿ ಬರುತ್ತಿದ್ದರು. ಬಟ್ಟೆಯ ಬಣ್ಣಕ್ಕೆ ದಾರ ಹೊಂದಿಸಬೇಕಲ್ಲ. ಅವಳು ಒಳಗಿನಿಂದ ಐದಾರು ಉಂಡೆ ತಂದರೆ, ಅವರು ಅಲ್ಲಿ ನೋಡುತ್ತಿರಲಿಲ್ಲ. "ಒಳಗಿನ ಬೆಳಕು ಸುಳ್ಳು ಹೇಳುತ್ತೆ," ಎನ್ನುತ್ತಿದ್ದರು. "ಬೀದಿ ಬಿಸಿಲು ಬಡಾಯಿ ಕೊಚ್ಚುತ್ತೆ. ಹೊಸ್ತಿಲ ಮೇಲಿನ ಬೆಳಕು ಮಾತ್ರ ಇದ್ದದ್ದು ಇದ್ದ ಹಾಗೆ." ಹಾಗಾಗಿ ಇಬ್ಬರೂ ಹೊಸ್ತಿಲ ಮೇಲೆ, ಒಂದೇ ಬಟ್ಟೆಯ ಮೇಲೆ ತಲೆ ಬಗ್ಗಿಸಿ ನಿಲ್ಲುವುದು. ದಾರದ ಎಳೆ ಬಟ್ಟೆಯಲ್ಲಿ ಕಾಣದಾದ ಕ್ಷಣಕ್ಕೆ ಇಬ್ಬರೂ ಒಟ್ಟಿಗೆ "ಇದೇ" ಎನ್ನುವುದು. ಒಂಬತ್ತು ವರ್ಷ, ದಿನಕ್ಕೆ ಐದು ನಿಮಿಷ. ಕೆಲವು ದಿನ ಸರಿಯಾದ ದಾರ ಅವಳಿಗೆ ಮೊದಲೇ ಕಂಡುಬಿಡುತ್ತಿತ್ತು. ಅಂಥ ದಿನ ಅದನ್ನು ಕೊನೆಗೆ ತರುತ್ತಿದ್ದಳು.

ಆಮೇಲೆ ಅವಳು ಒಂದು ತಪ್ಪು ಮಾಡಿದಳು. ರಫೂ ಅಂಗಡಿಗೆ ತಾನೂ ಒಮ್ಮೆ ಗಿರಾಕಿಯಾಗಿ ಹೋಗಬೇಕೆನ್ನಿಸಿ, ತನ್ನ ಬೂದಿಬಣ್ಣದ ಶಾಲಿಗೆ ತಾನೇ ಕತ್ತರಿ ಹಾಕಿದಳು. "ಇಲಿ ಕಡಿದುಬಿಟ್ಟಿದೆ ಮೇಷ್ಟ್ರೇ," ಎಂದು ಮುಂದೆ ಹಿಡಿದಳು. ಅವರು ಶಾಲನ್ನು ಹೊಸ್ತಿಲಿಗೆ ತಂದು ಬಹಳ ಹೊತ್ತು ನೋಡಿದರು. "ತುಂಬಾ ನೇರವಾಗಿ ಕಡಿದಿದೆ," ಎಂದಷ್ಟೇ ಹೇಳಿ ಮಡಚಿ ಇಟ್ಟುಕೊಂಡರು.

ವಾರ ಕಳೆದು, "ಶಾಲು ಆಗಿದೆ, ತಗೊಂಡು ಹೋಗಿ," ಎಂದರು. ತೆಗೆದುಕೊಂಡರೆ ಮುಗಿಯಿತಲ್ಲ. ಅವಳು, "ಇರ್ಲಿ ಬಿಡಿ. ಚಳಿ ಇನ್ನೂ ಬಂದಿಲ್ಲ," ಎಂದಳು. ಅವರು ಕಪಾಟಿನ ಮೇಲಿನ ಅಂತಸ್ತಿನಲ್ಲಿ, ಬೀದಿಗೆ ಕಾಣುವ ಹಾಗೆ ಅದನ್ನು ಇಟ್ಟರು. ಆ ಮಳೆಗಾಲ ತಂಗಿಗೆ ಹೊಟ್ಟೆ ಆಪರೇಷನ್ ಆಗಿ ಅವಳು ಹತ್ತು ದಿನ ಆಸ್ಪತ್ರೆಯಲ್ಲೇ ಉಳಿದಳು. ವಾಪಸು ಬಂದರೆ ಎದುರಿಗೆ ಶಟರು ಇಳಿದಿತ್ತು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಮೇಷ್ಟ್ರು ಅಕ್ಕನ ಊರಿಗೆ ಹೋದರು ಎಂದು ಸೈಕಲ್‌ನವನು ಹೇಳಿದ. ಉಳಿದದ್ದು ಆ ಕೆಂಪು ನಂಬರು.

ಅದಾಗಿ ನಾಲ್ಕು ವರ್ಷ. ಬೀದಿಯ ಎಷ್ಟೋ ಜನ ಆ ನಂಬರಿಗೆ ಮಾತಾಡಿದರು. ಮಾತಾಡಿದ ಎಂಟು ದಿನದಲ್ಲಿ ಅವರವರ ಕೋಟು, ಅವರವರ ಸೀರೆ ಅಚ್ಚುಕಟ್ಟಾದ ಪಾರ್ಸಲ್ಲಿನಲ್ಲಿ ಬಂದಿಳಿಯಿತು. ಅದೇ ದಾರದಕ್ಕನ ಹೆದರಿಕೆ. ಕೇಳಿದರೆ ಶಾಲು ಬರುತ್ತದೆ. ಬಿಗಿಯಾಗಿ ಗಂಟು ಹಾಕಿದ ಒಂದು ಕಟ್ಟು, ಅದರ ಮೇಲೆ ಅಂಗಡಿಯ ವಿಳಾಸ, ಒಳಗೆ ಒಂದು ಮಾತೂ ಇಲ್ಲ. ಕೇಳದಿದ್ದರೆ ಎಲ್ಲೋ ಒಂದು ಕಪಾಟಿನಲ್ಲಿ ತನ್ನದೊಂದು ವಸ್ತು ಅವರ ಜೊತೆ ಇರುತ್ತದೆ. ಅವರಿಗೂ ನನ್ನ ನಂಬರು ಗೊತ್ತಿದೆಯಲ್ಲ, ನನ್ನ ಅಂಗಡಿ ಬೋರ್ಡಿನ ಮೇಲೇ ಇದೆಯಲ್ಲ, ಎಂದು ಕೆಲವು ಸಂಜೆ ಸಿಟ್ಟು ಮಾಡಿಕೊಂಡದ್ದೂ ಉಂಟು. ಬೆಳಿಗ್ಗೆ ಬಾಗಿಲು ತೆಗೆದು ಎದುರಿನ ಮೂಲೆ ನೋಡಿದರೆ ಸಿಟ್ಟು ಇಳಿಯುತ್ತಿತ್ತು. ಇವತ್ತು ಬೇಡ, ನಾಳೆ ಮಾತಾಡಿದರಾಯಿತು. ನಂಬರು ಎಲ್ಲಿ ಓಡಿಹೋಗುತ್ತದೆ?

ಹನ್ನೊಂದೂವರೆ ಹೊತ್ತಿಗೆ ಪೇಂಟರು ನೀರು ಕೇಳಲು ಬಂದ. ಬಿಸಿಲಿಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಚೊಂಬು ಖಾಲಿ ಮಾಡಿ ಕೆಳಗಿಟ್ಟ.

"ಅಕ್ಕಾ, ಬಿಳಿ ಪ್ರೈಮರು ಬಲಗಡೆಯಿಂದ ಹೊಡ್ಕೊಂಡು ಬರ್ತಿದೀನಿ. ನಿಮ್ಮ ಮೂಲೆಗೆ ಬರೋಕೆ ಇನ್ನು ಅರ್ಧ ಗಂಟೆ ಬೇಕು. ನಂಬರು ಬೇಕಾದ್ರೆ ಬರ್ಕೊಂಡುಬಿಡಿ."

"ಬರ್ಕೊಂಡು?"

"ಡ್ರಾದಲ್ಲಿ ಇಟ್ಕೊಳ್ಳಿ."

ದಾರದಕ್ಕ ಡ್ರಾ ಎಳೆದು ಅವನಿಗೆ ತೋರಿಸಿದಳು. ಬಿಡಿ ಗುಂಡಿಗಳು, ಹುಕ್ಕುಗಳು, ಅಪ್ಪನ ಕಾಲದ ಚೀಟಿಗಳು, ಯಾವುದೋ ಮದುವೆಯ ಕಾಗದ. "ಇದರೊಳಗೆ ಹೋದದ್ದು ಯಾವುದೂ ಇವತ್ತಿನವರೆಗೆ ಹೊರಗೆ ಬಂದಿಲ್ಲ."

ಪೇಂಟರು ಡ್ರಾ ನೋಡಿದ, ಅವಳ ಮುಖ ನೋಡಿದ. "ನಂಗೂ ಹೀಗೆ ಒಂದು ಡ್ರಾ ಇದೆ," ಎಂದ. ಹೊಸ್ತಿಲು ದಾಟುವಾಗ ತಿರುಗಿ, "ಕೆಂಪು ಹಟಮಾರಿ ಬಣ್ಣ ಅಕ್ಕಾ, ಒಂದೇ ಸಲಕ್ಕೆ ಮುಚ್ಚಲ್ಲ. ನಾನು ಬೇಗ ಬೇಗ ಹೊಡೆಯಲ್ಲ, ಆಯ್ತಾ?" ಎಂದು ಹೋದ.

ಅವಳು ಕುಳಿತೇ ಇದ್ದಳು. ಬಿಳಿ ಬಣ್ಣ ಬಲಗಡೆಯಿಂದ ಒಂದೊಂದೇ ಪಟ್ಟಿಯಾಗಿ ಸರಿದು ಬರುತ್ತಿತ್ತು. ಪೇಂಟರು ಸುಮ್ಮಸುಮ್ಮನೆ ಕುಂಚ ತೊಳೆದ, ಸ್ಟೂಲು ಜರುಗಿಸಿದ, ಸೈಕಲ್‌ನವನ ಜೊತೆ ಹರಟಿದ. ಆದರೂ ಬಣ್ಣ ಬಂತು. 'ಮಾತಾಡಿ' ಎಂಬ ಪದದಿಂದ ಒಂದು ಮೊಳ ದೂರದಲ್ಲಿ ನಿಂತಿತು. ದಾರದಕ್ಕ ಫೋನು ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ಒಂದೊಂದೇ ಅಂಕಿ ಓದಿ, ಒಂದೊಂದೇ ಒತ್ತಿದಳು.

ಆ ಕಡೆ ಎತ್ತಿದ್ದು ವಯಸ್ಸಾದ ಹೆಂಗಸು. ಮೇಷ್ಟ್ರ ಅಕ್ಕನೇ ಇರಬೇಕು.

"ಬಟ್ಟೆ ಕೊಟ್ಟಿದ್ದೆ," ಎಂದಳು ದಾರದಕ್ಕ.

"ಬಟ್ಟೆನಾ? ಎಲ್ಲಾ ಕಳಿಸಿ ಆಯ್ತಲ್ಲಮ್ಮಾ ಎಂದೋ. ಒಂದು ಶಾಲು ಉಳಿದಿದೆ ನೋಡು, ಬೂದಿ ಬಣ್ಣದ್ದು. ವರ್ಷಕ್ಕೊಂದು ಸಲ ಬಿಸಿಲಿಗೆ ಹಾಕ್ತಾನೆ, ಮಡಚಿ ಇಡ್ತಾನೆ. ಯಾರದ್ದೋ ಅದು, ಕಳಿಸಿಬಿಡೋ ಅಂದ್ರೆ, ಅವರಿನ್ನೂ ಕೇಳಿಲ್ಲ ಅಂತಾನೆ. ನನ್ನ ಕೈಗೂ ಕೊಡಲ್ಲ ಅದನ್ನ, ನಾನೇನು ಕಚ್ತೀನಾ? ನಿಂದೇನಮ್ಮಾ ಅದು?"

"ಹೂಂ."

"ಇರು, ಕರೀತೀನಿ. ಹೊಸ್ತಿಲ ಹತ್ರ ಕೂತಿದಾನೆ. ಒಳಗೆ ಕೂರೋ ಅಂದ್ರೆ ಕೇಳಲ್ಲ."

ಫೋನನ್ನು ಎಲ್ಲೋ ಇಟ್ಟ ಸದ್ದು. ಚಪ್ಪಲಿ ಎಳೆಯುವ ಸದ್ದು. ಗೋಡೆ ಹಿಡಿದು ನಡೆಯುವವರ ಹೆಜ್ಜೆಯಂತೆ ನಿಂತು ನಿಂತು ಬರುವ ಹೆಜ್ಜೆ. ಅಷ್ಟರಲ್ಲಿ ಇಟ್ಟುಬಿಡೋಣ ಅನ್ನಿಸಿತು ಅವಳಿಗೆ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

"ಹಲೋ, ಯಾರು?"

ಹೆಸರು ಹೇಳಲು ಬಾಯಿ ಬರಲಿಲ್ಲ. ಒಂಬತ್ತು ವರ್ಷದಲ್ಲಿ ಅವರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

"ನಾನು. ದಾರ."

ಎದುರಿನಲ್ಲಿ ಪೇಂಟರು ಕುಂಚ ಹಿಡಿದು ಇತ್ತಲೇ ನೋಡುತ್ತಿದ್ದ. ರಸ್ತೆಯ ಡಾಂಬರು ಬಿಸಿಲಿಗೆ ಮೆತ್ತಗಾಗಿ, ಸೈಕಲ್‌ನವನು ತನ್ನ ಸ್ಟ್ಯಾಂಡಿನ ಕಾಲ ಕೆಳಗೆ ಹಲಗೆ ಚೂರು ತುರುಕುತ್ತಿದ್ದ. ಹೂಕುಂಡಗಳ ಚಿತ್ರದ ಕೆಳಗೆ ನೆರಳಿದ್ದಷ್ಟು ಜಾಗದಲ್ಲಿ ಒಂದು ನಾಯಿ ನಾಲಿಗೆ ಚಾಚಿ ಮಲಗಿತ್ತು.

ಕೊನೆಗೆ ಮೇಷ್ಟ್ರು ಕೇಳಿದರು:

"ಚಳಿ ಬಂತಾ ಅಲ್ಲಿ?"

ದಾರದಕ್ಕ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು.

"ಬಂತು ಮೇಷ್ಟ್ರೇ," ಎಂದಳು.

ಪೇಂಟರು ಮೂಲೆಯತ್ತ ಕುಂಚ ತೋರಿಸಿ, ಹುಬ್ಬು ಹಾರಿಸಿ, ಬಳಿಯಲಾ ಎಂದು ಕೇಳಿದ. ಅವಳು ಫೋನು ಕಿವಿಯಿಂದ ತೆಗೆಯದೆಯೇ ಹೂಂ ಎಂಬಂತೆ ತಲೆಯಾಡಿಸಿದಳು. ಅವನು ಕೂತು, ಎಡದಿಂದ ಬಲಕ್ಕೆ ನಿಧಾನವಾಗಿ ಕುಂಚ ಎಳೆದ. ಬಿಳಿಯ ಅಡಿಯಿಂದ ಅಂಕಿಗಳು ತಿಳಿಗೆಂಪಾಗಿ, ಒಂದಾದಮೇಲೊಂದು, ಮತ್ತೆ ಮೇಲೆ ಬಂದವು.