ಸೊಂಟದ ಅಳತೆ

ಟಿಕ್ ಎಂದು ಪ್ರೆಸ್‌ಬಟನ್ ಬಿಟ್ಟಿತು. ಕೊನೆಯ ಸ್ನಾನ ಮಾಡಿಸುವ ಮೊದಲು ಅಪ್ಪನ ಸೊಂಟದ ಬಟ್ಟೆಪಟ್ಟಿಯನ್ನು ಮಗಳು ಮೆಲ್ಲಗೆ ಎಳೆದಳು. ಬೆನ್ನಿನಿಂದ ಹೊರಟ ಸಣ್ಣ ಪೈಪು ಪಟ್ಟಿಯಡಿ ಮಡಚಿ ಚಪ್ಪಟೆಯಾಗಿತ್ತು. ತುದಿಯ ಮೂತ್ರದ ಚೀಲ ಖಾಲಿ.

ಹೊರಗೆ ಟೈರ್ ಅಂಗಡಿಯವನ ದನಿ.

“ನನ್ನ ತಲೇಲಿ ಏನಿದೆ ಕತ್ತರಿಸೋಕೆ? ಆದ್ರೂ ಅವನ ಕ್ಷೌರದಂಗಡೀಲಿ ಹೋಗಿ ಕೂರ್ತಿದ್ದೆ. ಮಾತಿಗೆ!”

ಯಾರೋ ನಕ್ಕು, ನಗು ನುಂಗಿಕೊಂಡರು.

“ನಿನ್ನೆಯಿಂದ ಚೀಲಾನೇ ತುಂಬಿರ್ಲಿಲ್ಲ,” ಅಮ್ಮ ಹೇಳುತ್ತಿದ್ದಳು. “ಗುಣ ಆಗ್ತಿದೆ ಅಂದ್ಕೊಂಡೆ. ಸಂಜೆ ನೋಡಿದ್ರೆ ಚಳಿಜ್ವರ. ಬೆಳಗಾಗೋದ್ರೊಳಗೆ ಹೋಗೇಬಿಟ್ರು.”

“ನೀವು ನೋಡ್ಕೊಂಡ ಹಾಗೆ ಇನ್ಯಾರು ನೋಡ್ಕೋತಾರೆ ಅತ್ತಿಗೆ?” ಎಂದ ಟೈರಿನವನು.

ಒಳಗೆ ಮಗಳು ಪೈಪಿನ ಮಡಿಕೆಯ ಮೇಲೆ ಬೆರಳಿಟ್ಟಳು.

* * *

“ಕಲ್ಲು ದಾರಿಗೆ ಅಡ್ಡ ಕೂತಿದೆ,” ಎಂದಿದ್ದಳು ನರ್ಸ್, ಆಸ್ಪತ್ರೆಯಿಂದ ಕಳಿಸುವಾಗ. “ಮೂತ್ರ ಕೆಳಗಿಳೀದೆ ಕಿಡ್ನೀಲೇ ನಿಂತು ಕೀವಾಗಿತ್ತು. ಅದಕ್ಕೇ ಬೆನ್ನಿಂದ ಪೈಪು. ಕಲ್ಲು ತೆಗೆಯೋವರೆಗೂ ಇದೇ ದಾರಿ. ಮಡಚಬಾರದು. ಚೀಲ ತುಂಬದಿದ್ರೆ, ಚಳಿ ಬಂದ್ರೆ, ತಕ್ಷಣ ಕರ್ಕೊಂಡು ಬನ್ನಿ.”

ಅಮ್ಮ ತಲೆಯಾಡಿಸಿದ್ದಳು. ಗಮನವೆಲ್ಲ ಅಪ್ಪನ ಮುಖದ ಮೇಲಿತ್ತು.

“ಇದನ್ನ ನೇತುಹಾಕ್ಕೊಂಡು ಗಿರಾಕಿಗಳ ಮುಂದೆ ನಿಲ್ಲಲಾ?” ಎಂದು ಅಪ್ಪ ಮುಖ ಸಣ್ಣ ಮಾಡಿದ್ದ.

ಅಮ್ಮ ಅಂದೇ ಹೊಲಿಗೆಯಂತ್ರದ ಮುಂದೆ ಕೂತಳು. ಪಟ್ಟಿ ಬಿಗಿದ ಮೇಲೆ ಅಂಗಿಯಲ್ಲಿ ಒಂದು ಉಬ್ಬೂ ಕಾಣಲಿಲ್ಲ. ಅಪ್ಪ ಕನ್ನಡಿಯೆದುರು ಮದುಮಗನಂತೆ ತಿರುತಿರುಗಿ ನೋಡಿಕೊಂಡಿದ್ದ.

* * *

“ಅತ್ತಿಗೆ, ಇದು ಕೇಳೋ ಹೊತ್ತಲ್ಲ,” ಟೈರಿನವನು ದನಿ ತಗ್ಗಿಸಿದ. “ನಮ್ಮ ಭಾವನಿಗೂ ಇಂಥದೇ ಪೈಪು ಹಾಕಿದಾರೆ. ಆ ಪಟ್ಟಿ...”

“ಹೊಸದೇ ಹೊಲಿದು ಕೊಡ್ತೀನಿ.” ಬೆಳಗಿನಿಂದ ಮೊದಲ ಬಾರಿಗೆ ಅಮ್ಮನ ದನಿಗೆ ಜೀವ ಬಂತು. “ಇವರಿಗೆ ಹೊಲಿದ ಹಾಗೇ, ಬಿಗಿಯಾಗಿ.”

ಅವಳು ಆಗಲೇ ಯಂತ್ರದ ಮೇಲಿದ್ದ ಅಳತೆ ಟೇಪಿಗೆ ಕೈಚಾಚಿದ್ದಳು.

ಮಗಳು ಪಟ್ಟಿಯನ್ನು ಒದ್ದೆ ಬಟ್ಟೆಗಳಡಿ ತುರುಕಿ ಹೊರಬಂದಳು.

“ಅಮ್ಮಾ, ಈ ಸಲ ಅಳತೆ ನಾನು ತಗೋತೀನಿ.”

“ಈ ಸಲ ಅಂದ್ರೆ?” ಅಮ್ಮ ತಲೆಯೆತ್ತಿದಳು. “ಹೋದ ಸಲ ಏನಾಗಿತ್ತು?”

ಮಗಳು ಟೇಪಿನ ತುದಿ ಹಿಡಿದುಕೊಂಡಳು.

“ಏನೂ ಇಲ್ಲಮ್ಮ. ನಿಂಗೆ ಕಣ್ಣು ಮಂಜಲ್ವಾ, ಅದಕ್ಕೆ.”

ಒಳಗೆ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ, ತನ್ನ ಗಂಡನಿಗೂ ಇಲ್ಲ ಎಂದು ಆ ಕ್ಷಣವೇ ಗಟ್ಟಿಮಾಡಿಕೊಂಡು ಮಗಳು ಟೇಪು ಎಳೆದಳು. ಅದು ಬರಲಿಲ್ಲ. ಇನ್ನೊಂದು ತುದಿಯನ್ನು ಅಮ್ಮ ಬಿಡದೆ ಹಿಡಿದಿದ್ದಳು, ಮಗಳ ಮುಖವನ್ನೇ ನೋಡುತ್ತ.